ನೋಯದ ಕಡೆಗೆ ದೀಪ

ಜನವರಿ ೧೨

ಅಮ್ಮಾ,

ಫೋನಿನಲ್ಲಿ ನಾವಿಬ್ಬರೂ "ಊಟ ಆಯ್ತಾ", "ಆಯ್ತು" ಎಂದು ಹೇಳಿ ಸುಮ್ಮನಾಗಿಬಿಡುತ್ತೇವೆ. ಅದಕ್ಕೇ ಬರೆಯುತ್ತಿದ್ದೇನೆ. ಒಂದು ವಿಷಯ ನನ್ನ ತಲೆಗೆ ಹತ್ತುತ್ತಿಲ್ಲ.

ಈ ಸಲ ಕಿಡ್ನಿ ಡಾಕ್ಟರ ಹತ್ತಿರ ಹೋದಾಗ ರಕ್ತ, ಮೂತ್ರ ಎಲ್ಲ ಚೆನ್ನಾಗಿದೆ ಎಂದರು. ಖುಷಿಯಿಂದ ಚೀಲ ತಗಲಿಸಿಕೊಂಡು ಎದ್ದೆ. ಅಷ್ಟರಲ್ಲಿ ಸಿಸ್ಟರ್ ಇನ್ನೊಂದು ಚೀಟಿ ಕೊಟ್ಟರು. ಸೊಂಟದ ಸ್ಕ್ಯಾನ್ ಮಾಡಿಸಬೇಕಂತೆ.

"ನಂಗೆ ಸೊಂಟ ನೋಯ್ತಿಲ್ವಲ್ಲ ಸಿಸ್ಟರ್."

"ಗೊತ್ತು. ನೋಯೋಕೆ ಮುಂಚೆನೇ ನೋಡ್ಬೇಕು ಅಂತ ಕರೀತಿರೋದು."

"ನೋಯೋವ್ರನ್ನ ಬಿಟ್ಟು ನನ್ನ ಯಾಕೆ?"

"ನೋಯೋವ್ರು ತಾವಾಗೇ ಬರ್ತಾರೆ. ನಿನ್ನಂಥವ್ರನ್ನ ನಾವು ಕರೀಬೇಕು."

ನನ್ನಂಥವರು ಎಂದರೆ ಆ ಸಣ್ಣ ಬಿಳಿ ಮಾತ್ರೆಯನ್ನು ಬಹಳ ದಿನ ನುಂಗಿದವರು. ಅದೇ ಅಮ್ಮ, ಮೈಯೆಲ್ಲ ಊದಿಕೊಂಡಿದ್ದಾಗ ನೀನು ಬಾಳೆಹಣ್ಣಿನೊಳಗೆ ಇಟ್ಟು ನುಂಗಿಸುತ್ತಿದ್ದೆಯಲ್ಲ, ನಾನು ಈಗಲೂ ಸ್ವಲ್ಪ ತೆಗೆದುಕೊಳ್ಳುತ್ತಿರುವ ಆ ಸ್ಟೀರಾಯ್ಡ್ ಮಾತ್ರೆ. ಅದನ್ನು ತೆಗೆದುಕೊಂಡ ಕೆಲವರಿಗೆ ತೊಡೆಮೂಳೆಯ ಗುಂಡಗಿನ ತಲೆಗೆ ರಕ್ತ ಹೋಗುವುದು ನಿಂತು, ಮೂಳೆ ಒಳಗೊಳಗೇ ಸಾಯುತ್ತದಂತೆ. ಹೊರಗೆ ಗೊತ್ತೇ ಆಗುವುದಿಲ್ಲ. ನೋವು ಶುರುವಾಗುವ ಹೊತ್ತಿಗೆ ಎಷ್ಟೋ ಸಲ ಕುಸಿದಿರುತ್ತದೆ.

ನಾನು ದಿನವೆಲ್ಲ ಚಪ್ಪಲಿ ಅಂಗಡಿಯಲ್ಲಿ ಏಣಿ ಹತ್ತಿ ಇಳಿಯುತ್ತೇನೆ, ಮೇಲಿನ ಸಾಲಿನ ಡಬ್ಬಿ ಇಳಿಸುತ್ತೇನೆ, ಗಿರಾಕಿಗಳ ಮುಂದೆ ಮಂಡಿಯೂರಿ ಅಳತೆ ನೋಡುತ್ತೇನೆ. ಎಲ್ಲೂ ಒಂದು ಚಳುಕು ಇಲ್ಲ. ಹೋಗಲೋ ಬೇಡವೋ? ಹೋದರೆ ಏನಾದರೂ ಸಿಗುತ್ತದೆ ಎಂದು ಭಯ. ಹೋಗದಿದ್ದರೂ ಅದೇ ಭಯ.

ನಿನ್ನ ಚಪ್ಪಲಿ ಹರಿದಿದೆ ಎಂದಿದ್ದೆ. ಹಳೆಯದನ್ನೇ ಅಳತೆಗೆ ಕಳಿಸು.

ಏನೂ ತೋಚದ ನಿನ್ನ
ಗುಬ್ಬಿ


ಜನವರಿ ೨೪

ಗುಬ್ಬೀ,

ಹೋಗಬೇಡ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಕಾಯಿಲೆ ಕಿಡ್ನಿಗೆ, ಸ್ಕ್ಯಾನ್ ಸೊಂಟಕ್ಕೆ. ಸುಮ್ಮನಿದ್ದ ಕಾಲನ್ನು ಮಾತಾಡಿಸಲು ಹೋಗಬೇಡ ಕಣೇ.

ನಿನಗೆ ನನ್ನ ಕೆಲಸ ಗೊತ್ತಲ್ಲ. ಬೆಳಿಗ್ಗೆಯಿಂದ ಸಂಜೆಯವರೆಗೆ ಮೊಟ್ಟೆ ಗೋದಾಮಿನ ಕತ್ತಲ ಕೋಣೆಯಲ್ಲಿ ಕೂತು, ಪೆಟ್ಟಿಗೆಯ ತೂತಿನಿಂದ ಬರುವ ಬೆಳಕಿಗೆ ಒಂದೊಂದೇ ಮೊಟ್ಟೆ ಹಿಡಿದು ತಿರುಗಿಸುವುದು. ಹೊರಗಿನಿಂದ ಎಲ್ಲವೂ ಬೆಳ್ಳಗೆ ಒಂದೇ ತರಹ. ಬೆಳಕಿಗೆ ಹಿಡಿದರೆ ಒಂದರಲ್ಲಿ ರಕ್ತದ ಚುಕ್ಕೆ, ಇನ್ನೊಂದರಲ್ಲಿ ಕೂದಲೆಳೆಯಷ್ಟು ಬಿರುಕು. ಒಳ್ಳೆಯದು ಬಲಗಡೆಯ ಟ್ರೇಗೆ, ಬಿರುಕಿನದು ಎಡಗಡೆಗೆ, ಕೆಟ್ಟದ್ದು ಬಕೆಟ್ಟಿಗೆ. ಇಷ್ಟು ವರ್ಷದಲ್ಲಿ ದೀಪ ಬೇಡ ಎಂದ ಮೊಟ್ಟೆ ತಿರುಗಿ ಬಲಗಡೆಯ ಟ್ರೇಗೆ ಹೋದದ್ದನ್ನು ನಾನು ಒಂದು ಸಲವೂ ನೋಡಿಲ್ಲ. ದೀಪ ತಪ್ಪಿಸಿಕೊಂಡ ಮೊಟ್ಟೆ ಮಾತ್ರ ಎಷ್ಟೋ ಮನೆಗಳಲ್ಲಿ ಒಳ್ಳೆಯ ಮೊಟ್ಟೆಯಾಗಿಯೇ ಬೆಂದಿದೆ, ಯಾರಿಗೂ ಏನೂ ಆಗಿಲ್ಲ.

ಪಕ್ಕದ ಸ್ಟೂಲಿನವಳಿಗೆ ವಿಷಯ ಹೇಳಿದೆ. ಅವಳನ್ನು ಎಲ್ಲರೂ ರೇಡಿಯೋ ಎನ್ನುವುದು ನಿನಗೆ ಗೊತ್ತು, ಬಾಯಿ ಮುಚ್ಚುವುದಿಲ್ಲ. "ಹುಡ್ಗಿ ಹೋಗ್ಲಿ ಬಿಡಕ್ಕಾ, ನೋಡಿದ್ರೆ ಕಣ್ಣೇನು ಸವೀತದಾ" ಎಂದಳು. ಅವಳಿಗೇನು, ಅವಳ ಮಗಳಲ್ಲವಲ್ಲ.

ಮೊಟ್ಟೆ ಲಾರಿಯ ಡ್ರೈವರ್ ಕೈಯಲ್ಲಿ ಹಳೆಯ ಚಪ್ಪಲಿ ಕಳಿಸಿದ್ದೇನೆ. ಹೊಸದು ಹಿಂದೆ ಪಟ್ಟಿ, ಬಕಲ್ಲು ಏನೂ ಇಲ್ಲದ್ದು ಇರಲಿ. ಸುಮ್ಮನೆ ಕಾಲು ತೂರಿಸುವಂಥದ್ದು. ಬಗ್ಗಿ ಬಕಲ್ಲು ಹಾಕುತ್ತಾ ಕೂರಲು ನನಗೆ ಪುರುಸೊತ್ತಿಲ್ಲ. ಎಡಗಡೆ ಮಂಡಿಯೂ ಸ್ವಲ್ಪ ಹಿಡಿದುಕೊಳ್ಳುತ್ತದೆ. ವಯಸ್ಸು.

ಮಾತು ಕೇಳುವ ಮಗಳ
ಅಮ್ಮ


ಫೆಬ್ರವರಿ ೧೦

ಅಮ್ಮಾ,

ಬಯ್ಯಬೇಡ. ಹೋಗಿಬಂದೆ.

ನಿನ್ನ ಪತ್ರ ಬಂದ ಮೇಲೆ ಹೋಗಬಾರದು ಎಂದೇ ತೀರ್ಮಾನ ಮಾಡಿದ್ದೆ. ಆ ದಿನ ಬೆಳಿಗ್ಗೆ ಅಂಗಡಿಗೆ ಹೊರಟ ಕಾಲು ಆಸ್ಪತ್ರೆಯ ಬಸ್ಸು ಹತ್ತಿತು. ಯಾಕೆ ಎಂದು ಕೇಳಿದರೆ ನನಗೂ ಗೊತ್ತಿಲ್ಲ.

ಕಾಯುವ ಕೋಣೆಯಲ್ಲಿ ಎಲ್ಲರೂ ಆರೋಗ್ಯವಾಗಿದ್ದವರ ಹಾಗೆ ಕೂತಿದ್ದರು. ಆಸ್ಪತ್ರೆಯೋ ಬಸ್ ನಿಲ್ದಾಣವೋ ಗೊತ್ತಾಗುವಂತಿರಲಿಲ್ಲ. ನನ್ನ ಪಕ್ಕದಲ್ಲಿ ಒಬ್ಬ ಟೈಲರ್, ಬೇರೆಯವರ ಕಿಡ್ನಿ ಹಾಕಿಸಿಕೊಂಡವರು. "ನಿಮ್ಗೆಲ್ಲಿ ನೋವು?" ಎಂದು ಕೇಳಿದರು. "ಎಲ್ಲೂ ಇಲ್ಲ" ಎಂದೆ. "ನಂಗೂ ಇಲ್ಲ. ಮತ್ತೆ ನಾವಿಬ್ರೂ ಇಲ್ಲಿ ಏನ್ ಮಾಡ್ತಿದೀವಿ?" ಎಂದು ನಕ್ಕರು.

ಸ್ಕ್ಯಾನ್ ಮಾಡುವ ಯಂತ್ರ ದೊಡ್ಡ ಕೊಳವೆ. ಮಲಗಿಸಿ ಒಳಗೆ ತಳ್ಳಿದರು. ನೋಯುವುದಿಲ್ಲ, ಆದರೆ ಡಬ್ಬ ಬಡಿದ ಹಾಗೆ ಸದ್ದು. ಅಲುಗಾಡಬಾರದು. ನನಗೆ ನಿನ್ನ ಕತ್ತಲ ಕೋಣೆ ನೆನಪಾಯಿತು. ನನ್ನನ್ನು ಹಿಡಿದು ತಿರುಗಿಸುತ್ತಿರುವ ಕೈ ಯಾರದು ಎಂದು ಮಾತ್ರ ಕಾಣಲಿಲ್ಲ.

ಫಲಿತಾಂಶ ಹೇಳಲು ಮತ್ತೆ ಕರೆಯುತ್ತಾರೆ.

ನಿನ್ನ ಚಪ್ಪಲಿ ಬಂತು. ಅಂಗಡಿಯ ಯಜಮಾನರು ಅದನ್ನು ತಿರುವಿ ಅಟ್ಟೆ ನೋಡಿದರು. ನಮ್ಮ ಅಂಗಡಿಯಲ್ಲಿ ಹಳೆಯ ಚಪ್ಪಲಿ ಬಂದರೆ ಮೊದಲು ನೋಡುವುದೇ ಅಟ್ಟೆ. ಬಲಗಾಲಿನದು ಪೂರ್ತಿ ಸವೆದು ಕಾಗದದ ಹಾಗೆ ಆಗಿದೆ. ಎಡಗಾಲಿನದು ಹೊಸದರ ಹಾಗಿದೆ, ಹೊರ ಅಂಚು ಮಾತ್ರ ಉಜ್ಜಿಹೋಗಿದೆ. "ಇದ್ಯಾರದಮ್ಮ, ಒಂದೇ ಕಾಲಲ್ಲಿ ನಡೀತಾರಾ?" ಎಂದರು. ನಮ್ಮಮ್ಮನದು ಎನ್ನಲು ಯಾಕೋ ಬಾಯಿ ಬರಲಿಲ್ಲ. ನೀನು ಕುಂಟುತ್ತಿದ್ದೀಯಾ?

ಮಾತು ಮೀರಿದ
ಗುಬ್ಬಿ


ಫೆಬ್ರವರಿ ೨೧

ಗುಬ್ಬಿಗೆ,

ಹೋಗಿಬಂದ ಮೇಲೆ ಬಯ್ದು ಏನು ಪ್ರಯೋಜನ. ಏನು ಹೇಳಿದರು ಎಂದು ಬರಿ. ನಿನ್ನ ಪತ್ರ ಬರುವವರೆಗೆ ನನ್ನ ಕೈಯಲ್ಲಿ ಮೊಟ್ಟೆ ನಿಲ್ಲುವುದಿಲ್ಲ. ಇವತ್ತೇ ಒಂದು ಜಾರಿ ನಮ್ಮ ಗೋದಾಮಿನ ಮೇಸ್ತ್ರಿಯ ಷೂ ಮೇಲೆ ಬಿತ್ತು.

ಕುಂಟುವುದೂ ಇಲ್ಲ, ಏನೂ ಇಲ್ಲ. ಗೋದಾಮಿನ ದಾರಿ ಒಂದು ಕಡೆಗೆ ಇಳಿಜಾರು. ಹಾಗೆ ಸವೆದಿದೆ. ನಿಮ್ಮ ಯಜಮಾನರಿಗೆ ಚಪ್ಪಲಿ ಮಾರಲು ಹೇಳು, ಜ್ಯೋತಿಷ್ಯ ಬೇಡ.

ಅಮ್ಮ


ಮಾರ್ಚ್ ೬

ಅಮ್ಮಾ,

ಇದನ್ನು ಹೇಗೆ ಬರೆಯುವುದೋ ತಿಳಿಯದೆ ಎರಡು ಕಾಗದ ಹರಿದೆ.

ಬಲಗಡೆ ಸಿಕ್ಕಿದೆ. ಡಾಕ್ಟರ್ ಪರದೆಯನ್ನು ನನ್ನ ಕಡೆ ತಿರುಗಿಸಿ ತೋರಿಸಿದರು. ಎರಡು ಗುಂಡನೆಯ ಮೂಳೆಗಳು, ಅಕ್ಕಪಕ್ಕ. ಬಲಗಡೆಯದರೊಳಗೆ ನಕ್ಷೆಯಲ್ಲಿ ಕೆರೆ ಬರೆದ ಹಾಗೆ ಒಂದು ಸಣ್ಣ ಗೆರೆ ಸುತ್ತಿಕೊಂಡಿತ್ತು.

"ಈ ಗೆರೆ ಒಳಗಿರೋದು ಸತ್ತಿರೋ ಭಾಗ. ಚಿಕ್ಕದು" ಎಂದರು.

"ಸತ್ತಿದ್ರೆ ನೋಯ್ಬೇಕಲ್ವಾ ಸಾರ್?"

"ಸತ್ತಿದ್ದು ನೋಯಲ್ಲಮ್ಮ. ಅದರ ಮೇಲಿರೋದು ಕುಸಿದಾಗ ನೋಯುತ್ತೆ."

ಚಿಕ್ಕದಾಗಿರುವುದರಿಂದ ಅದು ಹಾಗೆಯೇ ಉಳಿಯಬಹುದು, ಎಂದಿಗೂ ಕುಸಿಯದೆಯೂ ಇರಬಹುದು ಎಂದರು. ಕುಸಿಯಲೂಬಹುದು. ಆರು ತಿಂಗಳಿಗೆ ಮತ್ತೆ ಸ್ಕ್ಯಾನ್ ಮಾಡಿ ನೋಡುತ್ತಾ ಇರುವುದು ಒಂದು ದಾರಿ. ಮೂಳೆಗೆ ಸಣ್ಣ ತೂತು ಕೊರೆದು ಒಳಗಿನ ಒತ್ತಡ ಇಳಿಸುವುದು ಇನ್ನೊಂದು. ಕೊರೆಸಿಕೊಂಡರೆ ಕೆಲವು ವಾರ ಊರುಗೋಲು. ಯಾವುದು ಒಳ್ಳೆಯದು ಎಂದು ಕೇಳಿದರೆ, "ನಿಂಗೆ ಎರಡೂ ಆಗುತ್ತೆ, ಯೋಚ್ನೆ ಮಾಡಿ ಹೇಳು" ಎಂದರು. ಅಷ್ಟು ಓದಿದವರು ನನ್ನನ್ನೇ ಯೋಚನೆ ಮಾಡು ಎಂದರೆ ನಾನು ಯಾರನ್ನು ಕೇಳಲಿ? ನಡೆದುಕೊಂಡು ಹೋಗಿ ಕುಂಟಿಕೊಂಡು ಬರುವುದನ್ನು ಔಷಧಿ ಎಂದು ಹೇಗೆ ನಂಬಲಿ?

ಏಣಿ ಹತ್ತಬಾರದು, ಭಾರ ಎತ್ತಬಾರದು. ಇದನ್ನು ಯಜಮಾನರಿಗೆ ಇನ್ನೂ ಹೇಳಿಲ್ಲ. ಏಣಿ ಹತ್ತದವಳು ಅವರಿಗೆ ಯಾಕೆ ಬೇಕು?

ಈ ಮಾತ್ರೆಯನ್ನೇ ಚರಂಡಿಗೆ ಹಾಕಿಬಿಡುತ್ತೇನೆ ಎಂದೆ. ಸಿಸ್ಟರ್ ಗಾಬರಿಯಾದರು. ನನ್ನಿಷ್ಟಕ್ಕೆ ನಿಲ್ಲಿಸಬಾರದಂತೆ, ನಿಲ್ಲಿಸಿದರೆ ಕಿಡ್ನಿ ಮತ್ತೆ ಕೆಡುತ್ತದೆ. ನುಂಗಿದರೆ ಮೂಳೆ, ನುಂಗದಿದ್ದರೆ ಕಿಡ್ನಿ. ಅತ್ತ ದರಿ ಇತ್ತ ಹುಲಿ.

ಏಣಿಯ ಕೆಳಗೆ ನಿಂತಿರುವ
ಗುಬ್ಬಿ


ಮಾರ್ಚ್ ೧೫

ಗುಬ್ಬೀ, ನನ್ನ ಬಂಗಾರವೇ,

ಅಳಬೇಡ. ನೀನು ಬರೆದಿಲ್ಲ, ಆದರೆ ಅತ್ತಿದ್ದೀಯೆಂದು ಕಾಗದ ನೋಡಿದರೆ ತಿಳಿಯುತ್ತದೆ.

ನಾನು ಎರಡು ದಿನ ಯೋಚನೆ ಮಾಡಿದೆ. ಅವರು ಏನೋ ತಪ್ಪು ನೋಡಿದ್ದಾರೆ. ನಾನೂ ಕಣ್ಣು ದಣಿದಾಗ ಒಳ್ಳೆಯ ಮೊಟ್ಟೆಯಲ್ಲಿ ಚುಕ್ಕೆ ಕಾಣುತ್ತೇನೆ. ಮಾತ್ರೆಯ ಮೇಲೆ ಸುಮ್ಮನೆ ಅಪವಾದ ಹೊರಿಸಬೇಡ. ಅದು ಒಳ್ಳೆಯ ಮಾತ್ರೆ. ಅದು ಅಷ್ಟು ಕೆಟ್ಟದ್ದಾಗಿದ್ದರೆ ನನಗೆ ಏನಾದರೂ ಆಗಬೇಕಿತ್ತಲ್ಲ?

ನೀನು ಕೆಲಸಕ್ಕೆಂದು ಊರು ಬಿಟ್ಟ ಮೇಲೆ ಇಲ್ಲಿ ಡಬ್ಬಿಯಲ್ಲಿ ನಿನ್ನ ಮಾತ್ರೆ ಮಿಕ್ಕಿತ್ತು. ಬಿಸಾಕಲು ಮನಸ್ಸು ಬರಲಿಲ್ಲ. ಆ ತಣ್ಣನೆಯ ಕತ್ತಲ ಕೋಣೆಯಿಂದ ನನಗೆ ಉಬ್ಬಸ ಹೆಚ್ಚಾಗಿತ್ತು. ನಿನ್ನ ಊತವನ್ನೇ ಇಳಿಸಿದ ಮಾತ್ರೆ ನನ್ನ ಉಬ್ಬಸ ಇಳಿಸದೇ ಎಂದು ಒಂದು ನುಂಗಿದೆ. ಸಂಜೆಗೆ ಎದೆ ಹಗುರ. ಅಂದಿನಿಂದ ದಿನಾ ತೆಗೆದುಕೊಳ್ಳುತ್ತೇನೆ. ಖಾಲಿಯಾದಾಗ ನಿನ್ನ ಡಾಕ್ಟರ ಹಳೆಯ ಚೀಟಿ ತೋರಿಸಿದರೆ ಔಷಧಿ ಅಂಗಡಿಯವನು ಕೊಡುತ್ತಾನೆ. ಮಂಡಿ ನೋವು ಬಂದ ಮೇಲೆ ಎರಡು ಮಾಡಿದ್ದೇನೆ, ಅದಕ್ಕೂ ಆಗುತ್ತದೆ. ಮುಖ ಗುಂಡಗಾಗಿದೆ, ಕೆನ್ನೆ ತುಂಬಿಕೊಂಡಿದೆ. ರೇಡಿಯೋ ಕೂಡ "ಏನಕ್ಕಾ, ಮದುವಣಗಿತ್ತಿ ಹಂಗಾಗಿದೀಯ" ಎನ್ನುತ್ತಾಳೆ.

ನೋಡು, ನಾನು ಗುಂಡುಕಲ್ಲಿನ ಹಾಗಿದ್ದೇನೆ. ತೂತು ಗೀತು ಕೊರೆಸಿಕೊಳ್ಳಬೇಡ.

ನಿನಗೆ ಧೈರ್ಯ ಬರಲಿ ಎಂದು ಇಷ್ಟೆಲ್ಲ ಬರೆದ
ಅಮ್ಮ


ಮಾರ್ಚ್ ೨೦

ಅಮ್ಮಾ,

ಗೋದಾಮಿಗೆ ಫೋನ್ ಮಾಡಿ ಕಿರುಚಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಮೇಸ್ತ್ರಿ ಎತ್ತಿದ್ದು ನನಗೆ ಗೊತ್ತಾಗಲಿಲ್ಲ, ನೀನೇ ಎಂದುಕೊಂಡೆ. ಫೋನಿನಲ್ಲಿ ಹೇಳಿದ್ದು ಸರಿಯಾಗಿ ಕೇಳಿಸಿತೋ ಇಲ್ಲವೋ. ಮತ್ತೆ ಬರೆಯುತ್ತೇನೆ.

ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಬೇಡ. ಹೆದರಿಕೊಂಡು ಬಿಸಾಕಬೇಡ. ಬಹಳ ದಿನ ತಿಂದವರು ಥಟ್ಟನೆ ಬಿಟ್ಟರೆ ಜೀವಕ್ಕೇ ಅಪಾಯ ಎಂದು ಸಿಸ್ಟರ್ ಹೇಳಿದರು. ಡಾಕ್ಟರ್ ನೋಡಿ ಸ್ವಲ್ಪ ಸ್ವಲ್ಪವೇ ಇಳಿಸಬೇಕಂತೆ. ಹೆಚ್ಚು ಮಾಡಲೂ ಬೇಡ.

ನಿನ್ನ ಮಂಡಿಯ ವಿಷಯವನ್ನೂ ಕೇಳಿದೆ. ಸೊಂಟದ ಕೀಲು ಕೆಟ್ಟರೆ ಕೆಲವರಿಗೆ ನೋವು ಮಂಡಿಯಲ್ಲಿ ಕಾಣಿಸಿಕೊಳ್ಳುತ್ತದಂತೆ. ಸಿಸ್ಟರ್ ಕೇಳಿದ್ದು ಇಷ್ಟು: "ಅಮ್ಮ ಬಗ್ಗಿ ಚಪ್ಪಲಿ ಹಾಕ್ಕೋತಾರಾ?"

ನಾನು ಏನು ಹೇಳಲಿ? ಪಟ್ಟಿಯಿಲ್ಲದ ಚಪ್ಪಲಿ ಕೇಳಿದವಳು ನೀನು. ಅಟ್ಟೆ ನನ್ನ ಕೈಯಲ್ಲೇ ಇತ್ತು. ಊರವರ ಅಟ್ಟೆ ನೋಡುವುದೇ ನನ್ನ ಕೆಲಸ, ನಿನ್ನದನ್ನು ನೋಡಿಯೂ ಇಳಿಜಾರು ಎಂದದ್ದನ್ನು ನಂಬಿದೆ.

ನೋವೇ ಇಲ್ಲದ ನನ್ನನ್ನು ಕರೆದು ಕರೆದು ನೋಡಿದರು. ನೋಯುತ್ತಿದ್ದ ನೀನು ಕತ್ತಲಲ್ಲಿ ಕೂತು ಮೊಟ್ಟೆ ನೋಡುತ್ತಿದ್ದೆ. ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೋ ತಿಳಿಯುತ್ತಿಲ್ಲ. ನಿನ್ನ ಮೇಲೆ ಮಾಡಿಕೊಂಡರೆ ಅಳು ಬರುತ್ತದೆ.

ಬಂದು ಒಂದು ಸಲ ತೋರಿಸು.

ಗುಬ್ಬಿ


ಏಪ್ರಿಲ್ ೨

ಗುಬ್ಬಿಗೆ,

ಮೇಸ್ತ್ರಿ ಫೋನನ್ನು ಕಿವಿಯಿಂದ ದೂರ ಹಿಡಿದಿದ್ದ. ನಿನ್ನ ದನಿ ಕತ್ತಲ ಕೋಣೆಯವರೆಗೂ ಕೇಳಿಸಿತು. ನೀನು ಹುಟ್ಟಿದಾಗಿನಿಂದ ಅಷ್ಟು ಜೋರಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. "ಇದು ನಿಮ್ ಗುಬ್ಬೀನಾ? ಹದ್ದಿನ್ ಹಂಗೆ ಕೂಗ್ತವ್ಳಲ್ಲ" ಎಂದು ರೇಡಿಯೋ ನಕ್ಕಳು. ನಾನು ನಗಲಿಲ್ಲ.

ಮಾತ್ರೆ ನಿಲ್ಲಿಸಿಲ್ಲ. ನಿನಗೆ ಹಾಗೆ ಬರೆದ ಮೇಲೆ ನನಗೇ ಹೆದರಿಕೆಯಾಗಿ ನಿಲ್ಲಿಸಬೇಕೆಂದು ಎತ್ತಿಟ್ಟಿದ್ದೆ, ಅಷ್ಟರಲ್ಲಿ ಫೋನ್ ಬಂತು. ಇಲ್ಲಿನ ಆಸ್ಪತ್ರೆಯ ಡಾಕ್ಟರಮ್ಮನಿಗೆ ತೋರಿಸಿದೆ. ಉಬ್ಬಸಕ್ಕೆ ಬಾಯಿಗೆ ಇಟ್ಟು ಎಳೆಯುವ ಔಷಧಿ ಕೊಟ್ಟು, ಮಾತ್ರೆ ಹೇಗೆ ಇಳಿಸಬೇಕೆಂದು ಹೇಳಿದ್ದಾರೆ. ಹಾಗೇ ಮಾಡುತ್ತಿದ್ದೇನೆ. ಸೊಂಟಕ್ಕೆ ಸ್ಕ್ಯಾನ್ ಮಾಡಿಸಲು ಅವರೂ ಬರೆದುಕೊಟ್ಟರು. ಇಲ್ಲಿ ಆ ಯಂತ್ರ ಇಲ್ಲ, ನೀನಿರುವಲ್ಲಿಗೇ ಬರಬೇಕು.

ಆದರೆ ಬರಲಾರೆ.

ನಿಜ ಹೇಳುತ್ತೇನೆ. ಕಾಲು ಮಡಚಿ ಕೂರಲು ಆಗುತ್ತಿಲ್ಲ. ಬಸ್ಸಿನ ಮೆಟ್ಟಿಲು ಹತ್ತುವಾಗ ತೊಡೆಸಂದಿನಲ್ಲಿ ಚಾಕು ತಿರುವಿದ ಹಾಗಾಗುತ್ತದೆ. ಹಿಂದಿನ ಬಾಗಿಲಿನಿಂದ ಗೋದಾಮಿಗೆ ಹೋಗುತ್ತೇನೆ, ಅಲ್ಲಿ ಮೆಟ್ಟಿಲಿಲ್ಲ. ಇದೆಲ್ಲ ನನಗೆ ಗೊತ್ತಿದೆ. ಗೊತ್ತಿದ್ದರೂ ಬೆಳಕಿಗೆ ಹಿಡಿದಿಲ್ಲ. ಹಿಡಿಯುವವರೆಗೆ ನಾನು ಬಲಗಡೆಯ ಟ್ರೇಯಲ್ಲಿದ್ದೇನೆ. ಹಿಡಿದ ಮೇಲೆ ನನ್ನನ್ನು ಎಲ್ಲಿಡುತ್ತಾರೆ? ಮೇಸ್ತ್ರಿ ಏನನ್ನುತ್ತಾನೆ? ಕೆಲಸವಿಲ್ಲದೆ, ಕಾಲಿಲ್ಲದೆ, ನಿನ್ನ ಬಾಡಿಗೆ ಕೋಣೆಯ ಮೂಲೆಯಲ್ಲಿ ಕೂರಲೇ? ನಿನ್ನದೇ ಕಾಲು ನೆಟ್ಟಗಿಲ್ಲ.

ನನಗೆ ಏನೂ ತೋಚುತ್ತಿಲ್ಲ ಕಣೇ. ನಿನಗೆ ಹೋಗಬೇಡ ಎಂದವಳು ನಾನು. ಈಗ ಯಾವ ಮುಖ ಹೊತ್ತು ಬರಲಿ? ಅದೂ ಗುಂಡಗಾದ ಮುಖ.

ಅಮ್ಮ


ಏಪ್ರಿಲ್ ೧೪

ಅಮ್ಮಾ,

ನಾನು ಯಜಮಾನರಿಗೆ ಹೇಳಿಬಿಟ್ಟೆ. ಹೇಳುವಾಗ ನೆಲ ನೋಡುತ್ತಿದ್ದೆ.

"ಮುಂಚೆನೇ ಹೇಳ್ಬಾರ್ದಾ? ಏಣಿ ಮೇಲಿಂದ ಬಿದ್ದಿದ್ರೆ ನನ್ ತಲೆ ಮೇಲೇ ಬೀಳ್ತಿದ್ದೆ" ಎಂದರು. ಈಗ ಮೇಲಿನ ಡಬ್ಬಿಗಳನ್ನು ಹೊಸ ಹುಡುಗಿ ಇಳಿಸುತ್ತಾಳೆ. ನನಗೆ ಗಿರಾಕಿಗಳ ಮುಂದೆ ಇಡುವ ಗಿಡ್ಡ ಸ್ಟೂಲು ಕೊಟ್ಟಿದ್ದಾರೆ. ಇದು ಎಷ್ಟು ದಿನವೋ ಗೊತ್ತಿಲ್ಲ. ಹೊಸ ಹುಡುಗಿ ಏಣಿ ಹತ್ತುವುದನ್ನು ಕೆಳಗಿನಿಂದ ನೋಡುವಾಗ ನನ್ನ ಕಾಲು ತಾನಾಗಿ ಎದ್ದೇಳುತ್ತದೆ.

ತೂತು ಕೊರೆಸುವುದು ಸದ್ಯಕ್ಕೆ ಬೇಡ, ಆರು ತಿಂಗಳು ನೋಡೋಣ ಎಂದೆ. ಡಾಕ್ಟರ್ "ಸರಿ" ಎಂದರು. "ಕೊರೀರಿ" ಎಂದಿದ್ದರೂ "ಸರಿ" ಎನ್ನುತ್ತಿದ್ದರೋ ಏನೋ. ನಾನು ಮಾಡಿದ್ದು ಸರಿಯೋ ತಪ್ಪೋ ಆರು ತಿಂಗಳಾದ ಮೇಲೆ ನೋಡಬೇಕು.

ಒಂದು ಮಾತು ಕೇಳುತ್ತೇನೆ. ಎಡಗಡೆಯ ಟ್ರೇಯ ಮೊಟ್ಟೆಗಳು ಎಲ್ಲಿ ಹೋಗುತ್ತವೆ? ನೀನೇ ಹೇಳುತ್ತಿದ್ದೆ, ಅದೇ ದಿನ ಬೇಕರಿಗೆ ಎಂದು. ಬಿರುಕು ಕಾಣದೆ ಬಲಗಡೆಯಲ್ಲೇ ಉಳಿದ ಮೊಟ್ಟೆ ಲಾರಿಯಲ್ಲಿ ಒಡೆದು ಪಕ್ಕದವನ್ನೂ ಕೆಡಿಸುತ್ತದೆ ಎಂದೂ ಹೇಳುತ್ತಿದ್ದೆ. ಈಗ ನನಗೆ ಬರೆಯುವಾಗ ಅದನ್ನು ಮರೆತೆಯಾ, ಬೇಕೆಂದೇ ಬಿಟ್ಟೆಯಾ?

ಸ್ಕ್ಯಾನಿಗೆ ನಿನ್ನ ಹೆಸರು ಬರೆಸಿದ್ದೇನೆ. ಮುಂದಿನ ತಿಂಗಳು ಒಂಬತ್ತನೇ ತಾರೀಕಿಗೆ. ಮೊಟ್ಟೆ ಲಾರಿಯ ಡ್ರೈವರನ್ನೂ ಕೇಳಿದ್ದೇನೆ, ಮುಂದಿನ ಸೀಟು ಕೊಡುತ್ತಾನೆ. ಹತ್ತಲು ಅವನೇ ಹಲಗೆ ಇಡುತ್ತಾನಂತೆ.

ದಾರಿ ಕಾಯುವ
ಗುಬ್ಬಿ


ಮೇ ೧೯

ಗುಬ್ಬೀ,

ಕ್ಷೇಮವಾಗಿ ಬಂದು ತಲುಪಿದೆ. ಡ್ರೈವರ್ ದಾರಿಯುದ್ದಕ್ಕೂ "ಮೊಟ್ಟೆಗಿಂತ ಹುಷಾರಾಗಿ ಕರ್ಕೊಂಡೋಗ್ತೀನಿ" ಎನ್ನುತ್ತಿದ್ದ, ಗುಂಡಿ ಮಾತ್ರ ಒಂದೂ ಬಿಡಲಿಲ್ಲ.

ಡಾಕ್ಟರ್ ಹೇಳಿದ್ದನ್ನು ಇಬ್ಬರೂ ಕೇಳಿದೆವು. ಆದರೂ ಲಾರಿಯಲ್ಲಿ ಕೂತು ನನ್ನಷ್ಟಕ್ಕೇ ಮತ್ತೆ ಮತ್ತೆ ಹೇಳಿಕೊಂಡೆ. ಎಡಗಡೆಯದು ಕುಸಿದಿದೆ, ಅದಕ್ಕೆ ಇನ್ನು ಬದಲಿ ಕೀಲೇ ಗತಿ. ಬಲಗಡೆಯದರೊಳಗೂ ಆ ಗೆರೆ ಇದೆ, ಆದರೆ ಮೂಳೆ ಇನ್ನೂ ನಿಂತಿದೆ. ಅದನ್ನು ಉಳಿಸಲು ನೋಡುತ್ತಾರೆ. ನಾನು ಬಂದದ್ದು ನೋಯುವ ಕಾಲಿಗಾಗಿ, ಉಳಿಯಬಹುದಾದದ್ದು ನೋಯದ ಕಾಲು. ಬರದೇ ಇದ್ದಿದ್ದರೆ ಅದೂ ಹೋಗುತ್ತಿತ್ತು, ನಾನು ಅದನ್ನೂ ಮಂಡಿ ನೋವು, ವಯಸ್ಸು ಎನ್ನುತ್ತಿದ್ದೆ. ಅಳಬೇಕೋ ಸಮಾಧಾನ ಪಡಬೇಕೋ ಗೊತ್ತಾಗದೆ ಹೊಲ ನೋಡುತ್ತಾ ಕೂತಿದ್ದೆ.

ಮೇಸ್ತ್ರಿಗೆ ಹೇಳಿದೆ. "ನೋಡೋಣ" ಎಂದ. ಅವನ ನೋಡೋಣ ಎಂದರೆ ಏನೆಂದು ಯಾರಿಗೂ ತಿಳಿಯದು. ಮಾರನೆಯ ದಿನ ನನ್ನ ಜಾಗದಲ್ಲಿ ಎತ್ತರದ ಕುರ್ಚಿ ಇತ್ತು, ಯಾರು ಇಟ್ಟರೆಂದು ಕೇಳಲಿಲ್ಲ. ಆಪರೇಷನ್ ಆದ ಮೇಲೆ ಅದು ಅಲ್ಲೇ ಇರುತ್ತದೋ ಇಲ್ಲವೋ.

ಇವತ್ತು ಕೂದಲೆಳೆ ಬಿರುಕಿನದು ಒಂದು ಸಿಕ್ಕಿತು. ಎಡಗಡೆಗೆ ಇಡುವ ಮುಂಚೆ ಸುಮ್ಮನೆ ಕೈಯಲ್ಲಿ ಹಿಡಿದುಕೊಂಡೇ ಇದ್ದೆ. "ಏನಕ್ಕಾ, ಕಾವು ಕೊಟ್ಟು ಮರಿ ಮಾಡ್ತೀಯಾ?" ಎಂದಳು ರೇಡಿಯೋ.

ನೀನು ಕಳಿಸಿದ್ದ ಪಟ್ಟಿಯಿಲ್ಲದ ಚಪ್ಪಲಿ ವಾಪಸು ಕಳಿಸುತ್ತಿದ್ದೇನೆ. ಊರುಗೋಲು ಹಿಡಿದು ನಡೆಯುವಾಗ ಅದು ಜಾರುತ್ತದೆ, ಹಿಂದೆ ಪಟ್ಟಿ ಇರುವುದೇ ಆಗಬೇಕು ಎಂದು ನಿಮ್ಮ ಸಿಸ್ಟರ್ ಹೇಳಿದ್ದರು. ಬಕಲ್ಲು ಇರುವುದು ಕಳಿಸು. ನಾನು ಬಗ್ಗಲಾರೆ. ಬೆಳಿಗ್ಗೆ ರೇಡಿಯೋ ಬಂದು ಹಾಕುತ್ತಾಳಂತೆ, ಕೇಳಿದ್ದೇನೆ. ಕೇಳುವಾಗ ಸ್ವಲ್ಪ ಕಷ್ಟವಾಯಿತು.

ಆಪರೇಷನ್ನಿಗೆ ಬಂದಾಗ ನೀನು ಹಾಕು. ಸ್ಟೂಲಿನ ಮೇಲೆ ಕೂತು ಹಾಕು, ನೆಲದ ಮೇಲಲ್ಲ.

ಪಟ್ಟಿಯ ಚಪ್ಪಲಿಗೆ ಕಾದಿರುವ
ಅಮ್ಮ